ಅರವತ್ನಾಲ್ಕು ಸಾವಿರ ಮಂದಿಯ ಲೆಕ್ಕ, ಒಂದು ಗೇಮ್ ಕಾರ್ಡಿನಲ್ಲಿ

ಹುಡುಗರು ಕಂಪ್ಯೂಟರಿನಲ್ಲಿ ಗೇಮ್ ಆಡಲೆಂದು ಹಾಕಿಸುವ ಗ್ರಾಫಿಕ್ಸ್ ಕಾರ್ಡಿಗೆ ಜಿಪಿಯು ಎನ್ನುತ್ತಾರೆ. ಸೇತುವೆಯ ಕಂಬಕ್ಕೆ ನೀರು ಹೇಗೆ ಬಡಿಯುತ್ತದೆ, ವಿಮಾನದ ರೆಕ್ಕೆಯ ಮೇಲೆ ಗಾಳಿ ಹೇಗೆ ಹಾಯುತ್ತದೆ ಎಂಬ ಲೆಕ್ಕವನ್ನೂ ಈಗ ಅದೇ ಕಾರ್ಡು ಮಾಡುತ್ತದೆ. ಇದು ನಿನ್ನೆ ಮೊನ್ನೆಯ ವಿದ್ಯೆ ಅಂದುಕೊಂಡಿರುತ್ತೇವೆ. ಇದರ ಉಪಾಯ ಮಾತ್ರ ನೂರು ವರ್ಷ ಹಳೆಯದು.

ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರು. ಹಾಗಾಗಿ ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ ಫ್ರಾನ್ಸಿನಲ್ಲಿ ಆಂಬುಲೆನ್ಸ್ ಕೆಲಸಕ್ಕೆ ಹೋದರು. ಬಿಡುವಿದ್ದಾಗ ಒಣಹುಲ್ಲಿನ ರಾಶಿಯನ್ನೇ ಆಫೀಸು ಮಾಡಿಕೊಂಡು ಹವಾಮಾನದ ಲೆಕ್ಕ ಹಾಕುತ್ತಿದ್ದರು. 1917ರ ಕಾಳಗದಲ್ಲಿ ಹಸ್ತಪ್ರತಿ ಕಳೆದುಹೋಯಿತು. ಕೆಲವು ತಿಂಗಳ ಮೇಲೆ ಬೆಲ್ಜಿಯಂನ ಒಂದು ಕಲ್ಲಿದ್ದಲ ರಾಶಿಯಡಿ ಸಿಕ್ಕಿತು!

ಅವರು ನಕಾಶೆಯನ್ನು ಚೌಕಗಳಾಗಿ ಕತ್ತರಿಸಿದರು. ಒಂದು ಚೌಕದ ಗಾಳಿ ಪಕ್ಕದ ಚೌಕಕ್ಕೆ ಏನು ಮಾಡುತ್ತದೆ ಎಂದು ಲೆಕ್ಕ ಹಾಕುತ್ತಾ ಹೋದರೆ ಮುಂದಿನ ಹವಾಮಾನ ತಿಳಿಯುತ್ತದೆ ಎಂಬುದು ಅವರ ದಾರಿ. 1910ರ ಮೇ 20ರ ಆರು ಗಂಟೆಗಳನ್ನು ಹೀಗೆ ಲೆಕ್ಕ ಹಾಕಿದಾಗ ವಾಯುಒತ್ತಡ 145 ಮಿಲಿಬಾರ್ ಏರುತ್ತದೆ ಎಂದು ಬಂತು. ಅವತ್ತು ನಿಜವಾಗಿ ಒತ್ತಡ ಹೆಚ್ಚುಕಡಿಮೆ ಅಲುಗಾಡಿರಲೇ ಇಲ್ಲ.

ಆ ಸೋಲನ್ನು ಅವರು ಮುಚ್ಚಿಡಲಿಲ್ಲ, 1922ರ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಅದಕ್ಕೇ ನಮಗೆ ಈ ಮನುಷ್ಯ ಇಷ್ಟ. ಅದೇ ಪುಸ್ತಕದಲ್ಲಿ ಒಂದು ಕನಸೂ ಇದೆ: ದೊಡ್ಡ ಸಭಾಂಗಣದಲ್ಲಿ 64,000 ಮಂದಿ ಕೂತು, ತಮ್ಮ ತಮ್ಮ ಚೌಕದ ಲೆಕ್ಕ ಮಾಡಿ ಪಕ್ಕದವರಿಗೆ ತಿಳಿಸುತ್ತಾರೆ. ನಡುವಿನ ಮೇಸ್ತ್ರಿ ಮುಂದೆ ಓಡುವವರ ಮೇಲೆ ಗುಲಾಬಿ ಬೆಳಕು, ಹಿಂದೆ ಬಿದ್ದವರ ಮೇಲೆ ನೀಲಿ ಬೆಳಕು ಬಿಡುತ್ತಾನೆ. ನಾಟಿಗೆ ಇಳಿದವರು ಸಾಲು ತಪ್ಪದಂತೆ ಒಟ್ಟಿಗೆ ಸಾಗಬೇಕಲ್ಲ, ಹಾಗೆ.

1950ರಲ್ಲಿ ಅಮೆರಿಕದ ಎನಿಯಾಕ್ ಯಂತ್ರ ಒಂದು ದಿನದ ಮುನ್ಸೂಚನೆ ಹೇಳಲು ಸುಮಾರು ಒಂದು ದಿನ ತೆಗೆದುಕೊಂಡಿತು. ಸಭಾಂಗಣದ ಕನಸಿಗೆ ಹತ್ತಿರ ಬಂದದ್ದು ಜಿಪಿಯು. ಪರದೆಯ ಲಕ್ಷಾಂತರ ಚುಕ್ಕಿಗಳಿಗೆ ಒಟ್ಟಿಗೆ ಬಣ್ಣ ತುಂಬಲು ಅದರಲ್ಲಿ ಸಾವಿರಾರು ಪುಟ್ಟ ಲೆಕ್ಕಿಗರಿದ್ದಾರೆ. ಎನ್‌ವಿಡಿಯಾ ಕಂಪನಿ 2007ರಲ್ಲಿ ಕುಡಾ ಎಂಬ ಸಾಧನ ಬಿಡುಗಡೆ ಮಾಡಿದ ಮೇಲೆ ಅವರಿಗೆ ಬೇರೆ ಲೆಕ್ಕ ವಹಿಸುವುದು ಸುಲಭವಾಯಿತು.

ಮನೆಯಲ್ಲೇ ಶುರು ಮಾಡುವವರಿಗೆ ಫ್ಲೂಯಿಡ್‌ಎಕ್ಸ್‌3ಡಿ ಇದೆ. ಮೊರಿಟ್ಜ್ ಲೇಮನ್ 2022ರಲ್ಲಿ ಇದರ ಕೋಡನ್ನು ಎಲ್ಲರಿಗೂ ತೆರೆದರು. ವ್ಯಾಪಾರಕ್ಕಲ್ಲದಿದ್ದರೆ ಉಚಿತ. ಎನ್‌ವಿಡಿಯಾ, ಎಎಂಡಿ, ಇಂಟೆಲ್ ಯಾವ ಕಾರ್ಡಾದರೂ ನಡೆಯುತ್ತದೆ. ಕಾರ್ಡಿನ 1 ಜಿಬಿ ಮೆಮೊರಿಯಲ್ಲಿ ಸುಮಾರು 1.9 ಕೋಟಿ ಪುಟ್ಟ ಘನಗಳು ಹಿಡಿಸುತ್ತವೆ. ಸಿ ಪ್ಲಸ್ ಪ್ಲಸ್ ಸ್ವಲ್ಪ ಗೊತ್ತಿರಬೇಕು. ಸೆಟಪ್ ಫೈಲಿನಲ್ಲಿ ಸಿದ್ಧ ಉದಾಹರಣೆಗಳಿವೆ, ಒಂದೊಂದನ್ನೇ ಓಡಿಸಿ ನೋಡಬಹುದು.

ರಿಚರ್ಡ್‌ಸನ್ ಲೆಕ್ಕ ಕೆಟ್ಟದ್ದು ಅವರ ವಿಧಾನದಿಂದಲ್ಲ. ಆರಂಭದಲ್ಲಿ ತುಂಬಿದ ಗಾಳಿ, ಒತ್ತಡದ ಅಂಕಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಐರ್ಲೆಂಡಿನ ಪೀಟರ್ ಲಿಂಚ್ ಎಷ್ಟೋ ವರ್ಷಗಳ ಮೇಲೆ ಆ ಅಂಕಿಗಳನ್ನು ಹದಗೊಳಿಸಿ ಅದೇ ಲೆಕ್ಕ ಮಾಡಿದಾಗ ಉತ್ತರ ನಂಬುವಂತೆ ಬಂತು. ಜಿಪಿಯು ತಪ್ಪು ಅಂಕಿಗೂ ಚೆಂದದ ಬಣ್ಣದ ಚಿತ್ರವನ್ನೇ ಕೊಡುತ್ತದೆ. ಆದ್ದರಿಂದ ಮೊದಲು ಓಡಿಸಬೇಕಾದ್ದು ಉತ್ತರ ಗೊತ್ತಿರುವ ಲೆಕ್ಕ: ಹರಿವಿಗೆ ಅಡ್ಡ ನಿಂತ ದುಂಡು ಕಂಬ. ಅದರ ಹಿಂದೆ ಎಡಕ್ಕೊಂದು ಬಲಕ್ಕೊಂದು ಸುಳಿ ಏಳಬೇಕು. ಎಷ್ಟು ಹೊತ್ತಿಗೊಮ್ಮೆ ಏಳುತ್ತದೆ ಎಂದು ಪ್ರಯೋಗಾಲಯಗಳಲ್ಲಿ ಅಳೆದ ಅಂಕಿಗಳಿವೆ, ತಾಳೆ ನೋಡಿ.