ಲಯವೇ ಭಾಷೆಯಾದ ‘ಜ್ಯೋತಿ’

ಕುಕ್ ಟೌನಿನಂಥ ದಂಡುಪ್ರದೇಶದ ಬಡಾವಣೆಗಳದು ಪಿಯಾನೊ, ಗಿಟಾರು. ಪೇಟೆಯ ಕಡೆಯದು ವೀಣೆ, ಮೃದಂಗ. ಬೆಂಗಳೂರಿನ ಸಂಗೀತವನ್ನು ಹೀಗೆ ಎರಡು ಪಾಲು ಮಾಡಿ ನೋಡುವುದು ರೂಢಿ. ಈ ಗೆರೆ ಎಷ್ಟು ತೆಳುವಾದುದೆಂಬುದಕ್ಕೆ ‘ಜ್ಯೋತಿ’ ಧ್ವನಿಮುದ್ರಿಕೆಯೇ ಸಾಕ್ಷಿ.

ಜರ್ಮನಿಯ ಇಸಿಎಂ ಸಂಸ್ಥೆಗಾಗಿ 1983ರಲ್ಲಿ ಮುದ್ರಿತವಾದ ಇದರಲ್ಲಿ ಅಮೆರಿಕದ ಜಾಝ್ ವಾದಕ ಚಾರ್ಲಿ ಮರಿಯಾನೊ ಅವರ ಸ್ಯಾಕ್ಸೋಫೋನ್, ಕೊಳಲಿನೊಂದಿಗೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಕೂಡಿದೆ. ಟಿ.ಎ.ಎಸ್. ಮಣಿ ಅವರ ಮೃದಂಗ, ಜತೆಗೆ ಖಂಜಿರ, ಘಟ, ಮೋರ್ಸಿಂಗ್. ಇವುಗಳ ನಡುವೆ ಆರ್.ಎ. ರಮಾಮಣಿ ಅವರ ಗಾಯನ.

ಇಲ್ಲಿ ನಮ್ಮ ತಾಳವಾದ್ಯಗಳು ಸ್ಯಾಕ್ಸೋಫೋನಿಗೆ ಹಾಕಿದ ಒಗ್ಗರಣೆಯಲ್ಲ. ಜಾಝ್ ಸಾಮಾನ್ಯವಾಗಿ ಸ್ವರಮೇಳಗಳನ್ನು ಬದಲಿಸುತ್ತ ಸಾಗಿದರೆ, ಕರ್ನಾಟಕ ಸಂಗೀತ ಒಂದೇ ಶ್ರುತಿಯ ಮೇಲೆ ನಿಂತು ರಾಗವನ್ನು ಬೆಳೆಸುತ್ತದೆ. ಎರಡೂ ಕೂಡುವ ನೆಲೆಯೆಂದರೆ ಮನೋಧರ್ಮ ಮತ್ತು ಲಯ. ‘ತಕಧಿಮಿ’ ಎಂದು ಬಾಯಲ್ಲಿ ಹೇಳುವ ಸೊಲ್ಲುಗಳಿಗೆ ಲಿಪಿಯೂ ಬೇಡ, ಭಾಷಾಂತರವೂ ಬೇಡ. ಮರಿಯಾನೊ ದಕ್ಷಿಣ ಭಾರತದಲ್ಲಿ ನಾಗಸ್ವರ ಕಲಿತಿದ್ದವರಾದ್ದರಿಂದ ರಾಗವೂ ಅವರಿಗೆ ಅಪರಿಚಿತವಾಗಿರಲಿಲ್ಲ. ನಾಗಸ್ವರದ ಮನೆತನದ ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿಗೆ ಬಂದದ್ದು ಇದೇ ದಾರಿಯ ಎದುರು ಪಯಣ.

‘ವಿಶ್ವಸಂಗೀತ’ ಎಂಬ ಹಣೆಪಟ್ಟಿಯನ್ನು ಲಂಡನ್ನಿನಲ್ಲಿ ಸೇರಿದ ಧ್ವನಿಮುದ್ರಣ ಸಂಸ್ಥೆಗಳು ಮಾರಾಟದ ಅನುಕೂಲಕ್ಕೆಂದು ಒಪ್ಪಿಕೊಂಡದ್ದು 1987ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲೇ, ಯಾವ ವಾದ್ಯವೂ ತನ್ನ ವ್ಯಾಕರಣ ಬಿಟ್ಟುಕೊಡದೆ ಇನ್ನೊಂದರೊಡನೆ ಮಾತಾಡಬಲ್ಲದೆಂದು ಬೆಂಗಳೂರಿನ ಈ ತಂಡ ತೋರಿಸಿಕೊಟ್ಟಿತ್ತು.