ಹಗ್ಗದಿಂದ ಹಾರ್ನೆಸ್‌ವರೆಗೆ: ಮುಳುಗುವವರ ಚರಿತ್ರೆ



ಪವಿತ್ರ ಕುರ್‌ಆನಿನ ಅರ್ರಹ್ಮಾನ್ ಅಧ್ಯಾಯದಲ್ಲಿ ಮುತ್ತು, ಹವಳಗಳು ಅಲ್ಲಾಹನ ಅನುಗ್ರಹಗಳಾಗಿ ಉಲ್ಲೇಖಗೊಂಡಿವೆ. ಆದರೆ ಆ ಮುತ್ತಿಗಾಗಿ ಕಡಲಾಳಕ್ಕೆ ಇಳಿದವನ ಮೈಗೆ ಏನನ್ನು ಕಟ್ಟಲಾಗುತ್ತಿತ್ತು ಎಂದು ನೀವು ಎಂದಾದರೂ ಯೋಚಿಸಿದ್ದೀರಾ?

ನಮ್ಮ ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಶಾಲೆಗಳಿದ್ದವೆಂದು ಬರೆದ 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತಾ, ಗಲ್ಫ್‌ನ ಮುತ್ತು ತೆಗೆಯುವವರನ್ನೂ ವರ್ಣಿಸಿದ್ದಾನೆ. ಅವರು ಮೂಗಿಗೆ ಆಮೆಚಿಪ್ಪಿನ ಚಿಮಟ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು ಇಳಿಯುತ್ತಿದ್ದರು. ಉಸಿರು ಕಟ್ಟಿದಾಗ ಹಗ್ಗ ಜಗ್ಗುವರು, ಮೇಲಿದ್ದವನು ಎಳೆದುಕೊಳ್ಳುವನು. ಅವನು ಎಚ್ಚರ ತಪ್ಪಿದರೆ ಕೆಳಗಿದ್ದವನ ಪ್ರಾಣಕ್ಕೇ ಸಂಚಕಾರ.

1860ರ ದಶಕದಲ್ಲಿ ಫ್ರಾನ್ಸಿನ ರುಕೆರೋಲ್ ಮತ್ತು ದನೆರೂಜ್ ಗಾಳಿ ತುಂಬಿದ ಲೋಹದ ಪೆಟ್ಟಿಗೆಯನ್ನು ಮುಳುಗುವವನ ಬೆನ್ನಿಗೇರಿಸಿದರು. ಆದರೂ ಮೇಲಿನ ಪಂಪಿನಿಂದ ಕೊಳವೆಯ ಮೂಲಕ ಗಾಳಿ ಬರಬೇಕಿತ್ತು. 1943ರಲ್ಲಿ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಅಕ್ವಾಲಂಗ್ ಆ ಕೊಳವೆಯ ಹಂಗಿಲ್ಲದೆ ಈಜುವುದನ್ನು ಸಾಧ್ಯವಾಗಿಸಿತು. ಸಿಲಿಂಡರನ್ನು ಹಿಡಿದಿಡುತ್ತಿದ್ದುದು ಭುಜ, ಸೊಂಟ ಹಾಗೂ ತೊಡೆಗಳ ನಡುವೆ ಹಾಯುವ ಸರಳ ಪಟ್ಟಿಗಳು. 1971ರಲ್ಲಿ ಸ್ಕೂಬಾಪ್ರೊ ಕಂಪನಿ ಗಾಳಿ ತುಂಬುವ ಜಾಕೆಟನ್ನು ತಂದಿತು. ಹಾರ್ನೆಸ್ ಮತ್ತು ತೇಲಿಸುವ ಚೀಲ ಒಂದಾದವು.

ಇಂದು ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲೋ, ಕೆಲಸಕ್ಕೆ ಹೋದ ಗಲ್ಫ್‌ನಲ್ಲೋ ನೀವು ಸ್ಕೂಬಾ ಕಲಿಯಬಹುದು. ಹಾರ್ನೆಸ್ ಆರಿಸುವಾಗ ಮೆತ್ತನೆಯ ಬಟ್ಟೆಗೆ ಮರುಳಾಗಬೇಡಿ. ಸುಮಾರು 14 ಕಿಲೋದ ಸಿಲಿಂಡರಿನ ಭಾರವನ್ನು ದಡದಲ್ಲಿ ಭುಜವಷ್ಟೇ ಹೊರದೆ ಸೊಂಟವೂ ಹಂಚಿಕೊಳ್ಳಬೇಕು. ನೀರಿನಲ್ಲಿ ಆ ಭಾರ ಬಹುತೇಕ ಕಾಣೆಯಾಗುತ್ತದೆ. ಆಗ ಸಡಿಲ ಪಟ್ಟಿಯಲ್ಲಿ ಸಿಲಿಂಡರ್ ಅತ್ತಿತ್ತ ಹೊರಳುತ್ತದೆ. ತೊಡೆಗಳ ನಡುವಿನ ಪಟ್ಟಿ ಅದು ತಲೆಯತ್ತ ಜಾರದಂತೆ ತಡೆಯುತ್ತದೆ. ಎದೆ ಬಿಗಿದರೆ ಉಸಿರಾಟಕ್ಕೆ ತೊಡಕು. ಧರಿಸುವ ಈಜುಡುಪಿನ ಮೇಲೆಯೇ ತೊಟ್ಟು ನೋಡಿ. ದಪ್ಪ ರಬ್ಬರಿನ ಉಡುಪು ಆಳದಲ್ಲಿ ಕುಗ್ಗುವುದರಿಂದ ಪಟ್ಟಿ ಇನ್ನಷ್ಟು ಸಡಿಲವಾಗುತ್ತದೆ. ಬಕಲ್‌ಗಳನ್ನು ಕಣ್ಣುಮುಚ್ಚಿ, ಒಂದೇ ಕೈಯಿಂದ ಬಿಚ್ಚಲು ಬರಬೇಕು.

ಗಟ್ಟಿಯಾಗಿ ಹಿಡಿಯಬೇಕು, ಬೇಕೆಂದಾಗ ಬಿಡಬೇಕು. ಹಾರ್ನೆಸ್‌ನ ನಿಜವಾದ ಸುಖ ಇದೇ. ಹಗ್ಗದ ಕಾಲದಲ್ಲಿ ಜೀವ ಇನ್ನೊಬ್ಬನ ಕೈಯಲ್ಲಿತ್ತು. ಈಗ ಅದರ ಬಹುಪಾಲು ಹೊಣೆ ನಿಮ್ಮದೇ. ಆದ್ದರಿಂದ ತರಬೇತಿ ಪಡೆಯದೆ ಇಳಿಯಬೇಡಿ, ಜೊತೆಗಾರನಿಲ್ಲದೆಯೂ ಇಳಿಯಬೇಡಿ. ನೀರಿಗಿಳಿಯುವ ಮುನ್ನ ಅವನ ಪಟ್ಟಿಗಳನ್ನು ನೀವು, ನಿಮ್ಮವನ್ನು ಅವನು ಪರೀಕ್ಷಿಸಿರಿ. ಹಗ್ಗ ಹೋದರೂ ಪರಸ್ಪರ ಕಾಯುವ ಕರ್ತವ್ಯ ಹೋಗಿಲ್ಲ.