ಹಣ ಸಾಗಿಸುವವರ ಹೊಣೆ

ಸಮುದ್ರದ ಮೇಲೆ ಸರಕನ್ನು ಕಳುಹಿದ ವರ್ತಕನನ್ನು ಹಿಂದಿನ ಕಾಲದಲ್ಲಿ ಎರಡು ಭಯಗಳು ಏಕಕಾಲಕ್ಕೆ ಪೀಡಿಸುತ್ತಿದ್ದುವು: ಹಡಗು ಬಿರುಗಾಳಿಗೋ ಕಡಲುಗಳ್ಳರಿಗೋ ತುತ್ತಾದೀತೆಂಬುದು ಒಂದು; ದಡ ಸೇರಿದ ಸರಕಿನ ಮೌಲ್ಯವು ತನ್ನ ಕೈಗೆ ಬರುವಷ್ಟರಲ್ಲಿ ತಾನು ಮಾಡಿದ ಸಾಲದ ಮೇಲೆ ಬಡ್ಡಿ ಬೆಳೆದೀತೆಂಬುದು ಮತ್ತೊಂದು. ಈ ಎರಡು ಭಯಗಳಿಗೂ ಒಂದೇ ಪತ್ರದಲ್ಲಿ ಪರಿಹಾರವನ್ನು ಕಲ್ಪಿಸಿದವರು ಪಶ್ಚಿಮ ಕರಾವಳಿಯ ಸರಾಫರು, ಎಂದರೆ ಹಣದ ವ್ಯಾಪಾರಿಗಳು. ಆ ಪತ್ರವೇ ಜೋಖಮಿ ಹುಂಡಿ. ಸರಕನ್ನು ಹಡಗಿಗೇರಿಸಿದ ವರ್ತಕನು, ಅದನ್ನು ಪಡೆಯಬೇಕಾದ ದೂರದ ರೇವಿನ ವ್ಯಾಪಾರಿಯ ಮೇಲೆ ಹುಂಡಿಯನ್ನು ಬರೆದು, ತನ್ನೂರಿನ ಸರಾಫನಿಗೆ ಅದನ್ನು ಮಾರಿ, ಹಣವನ್ನು ಮುಂಚಿತವಾಗಿಯೇ ಎಣಿಸಿಕೊಳ್ಳುತ್ತಿದ್ದನು. ಸರಕು ಕ್ಷೇಮವಾಗಿ ಮುಟ್ಟಿದರೆ ಆ ರೇವಿನಲ್ಲಿ ಸರಾಫನ ಕಡೆಯವರಿಗೆ ಪೂರ್ಣ ಮೊತ್ತವು ಸಲ್ಲುತ್ತಿತ್ತು. ಮಾರ್ಗದಲ್ಲಿ ನಾಶವಾದರೆ ಹುಂಡಿ ಬರೆದವನ ಬಳಿಗೆ ಹಿಂದಿರುಗಿ ಹಣವನ್ನು ಕೇಳುವ ಹಕ್ಕು ಸರಾಫನಿಗಿರಲಿಲ್ಲ. ನಷ್ಟವು ಅವನದೇ.

ಇಂದು ಅಂತರ್ಜಾಲದಲ್ಲಿ ಅಂಗಡಿ ತೆರೆದವನು, ಅದರಲ್ಲಿಯೂ ಬ್ಯಾಂಕುಗಳು ಹೆಚ್ಚು ಅಪಾಯದ್ದೆಂದು ಗುರುತಿಸಿರುವ ವ್ಯಾಪಾರವನ್ನು ಕೈಗೊಂಡವನು, ಗ್ರಾಹಕರ ಹಣವನ್ನು ತನಗೆ ತಲಪಿಸಲು ಯಾವ ಪೇಮೆಂಟ್ ಕಂಪನಿಯನ್ನು ಆರಿಸಬೇಕೆಂದು ಚಿಂತಿಸುವಾಗ, ನೂರು ರೂಪಾಯಿಗೆ ಎಷ್ಟು ಕಡಿತವೆಂಬುದನ್ನೇ ಮೊದಲು ವಿಚಾರಿಸುತ್ತಾನೆ. ಅದಕ್ಕೂ ಮೊದಲು ವಿಚಾರಿಸಬೇಕಾದ ಸಂಗತಿಯೊಂದುಂಟು. ವ್ಯವಹಾರವು ಕೆಟ್ಟಾಗ ನಷ್ಟವನ್ನು ಹೊರುವವರು ಯಾರು? ಜೋಖಮಿ ಹುಂಡಿಯಲ್ಲಿ ಈ ಪ್ರಶ್ನೆಗೆ ಉತ್ತರವು ಪತ್ರದ ಸ್ವರೂಪದಲ್ಲಿಯೇ ಅಡಗಿತ್ತು. ತರುವಾಯ ಬಂದ ಪದ್ಧತಿಗಳಲ್ಲಿ ಆ ಉತ್ತರವು ಹೇಗೆ ಸ್ಥಾನಾಂತರ ಹೊಂದುತ್ತ ಹೋಯಿತೆಂಬುದೇ ಈ ವೃತ್ತಿಯ ನಿಜವಾದ ಚರಿತ್ರೆಯೆಂದು ನನ್ನ ಅಭಿಪ್ರಾಯ.

ಹದಿನೇಳನೆಯ ಶತಮಾನದಲ್ಲಿ ಭಾರತವನ್ನು ಸುತ್ತಿದ ಫ್ರೆಂಚ್ ರತ್ನವ್ಯಾಪಾರಿ ತಾವೆರ್ನಿಯೆ, ಸರಾಫನಿಲ್ಲದ ಹಳ್ಳಿಯೆಂದರೆ ಅದು ತೀರ ಸಣ್ಣದೇ ಆಗಿರಬೇಕೆಂದು ಬರೆದಿರುವುದು ಉತ್ಪ್ರೇಕ್ಷೆಯಲ್ಲ. ಹುಂಡಿಗಳಲ್ಲಿ ಎಷ್ಟೋ ಪ್ರಭೇದಗಳಿದ್ದುವು: ತೋರಿಸಿದೊಡನೆ ಹಣ ಕೊಡಬೇಕಾದದ್ದು ದರ್ಶನಿ, ಗೊತ್ತಾದ ಅವಧಿಯ ನಂತರ ಸಲ್ಲುವುದು ಮುದ್ದತಿ, ಪೇಟೆಯಲ್ಲಿ ಪ್ರತಿಷ್ಠಿತನಾದ ಶಾಹುವಿನ ಕೈಗಲ್ಲದೆ ಇತರರಿಗೆ ಹಣವನ್ನು ಕೊಡಕೂಡದೆಂಬ ನಿರ್ಬಂಧವುಳ್ಳದ್ದು ಶಾಹಜೋಗ್. ಈ ಶಾಹಜೋಗ್ ಹುಂಡಿಯ ಹಿಂದಿನ ವಿವೇಕವು ಗಮನಾರ್ಹವಾದದ್ದು. ಕದ್ದ ಹುಂಡಿಯನ್ನು ತಂದವನು ಪ್ರತಿಷ್ಠಿತನೊಬ್ಬನ ಮೂಲಕವೇ ಹಣವನ್ನು ಪಡೆಯಬೇಕಾಗುತ್ತಿದ್ದುದರಿಂದ, ಮೋಸ ಬಯಲಾದಾಗ ಹಿಡಿಯಲು ಒಬ್ಬ ಗೃಹಸ್ಥನಾದರೂ ಇರುತ್ತಿದ್ದನು. ಮೊತ್ತವನ್ನು ತಿದ್ದಲಾಗದಂತೆ ಅದರ ಅರ್ಧವನ್ನೂ ಬರೆದು, ಅದರ ಇಮ್ಮಡಿಯೇ ಪೂರ್ಣ ಮೊತ್ತವೆಂದು ಅಕ್ಷರಗಳಲ್ಲಿ ಕಾಣಿಸುವ ರೂಢಿಯಿತ್ತು. ಹುಂಡಿ ಕಳೆದುಹೋದರೆ ಪೇಠ್ ಎಂಬ ಪ್ರತಿ, ಅದೂ ಕಳೆದರೆ ಪರಪೇಠ್ ಎಂಬ ಮತ್ತೊಂದು ಪ್ರತಿ. ಹುಂಡಿ ತಿರಸ್ಕೃತವಾದೀತೆಂಬ ಸಂಶಯವಿದ್ದಲ್ಲಿ, ಆ ಊರಿನ ಇನ್ನೊಬ್ಬ ಗಣ್ಯ ವರ್ತಕನ ಹೆಸರಿಗೆ ಜಿಕ್ರಿ ಚೀಟಿಯೊಂದನ್ನು ಬರೆದುಕೊಟ್ಟು, ಹುಂಡಿ ಹಿಡಿದವನ ಹಿತವನ್ನು ಕಾಯುತ್ತಿದ್ದರು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯನ್ನು ರಚಿಸಿದಾಗ ಆಂಗ್ಲ ಸರಕಾರವು, ದೇಶಭಾಷೆಗಳಲ್ಲಿ ಬರೆದ ಇಂತಹ ಪತ್ರಗಳ ಸ್ಥಳೀಯ ರೂಢಿಗೆ ಭಂಗ ಬರದಂತೆ ಮೊದಲನೆಯ ಕಲಮಿನಲ್ಲಿಯೇ ಅವಕಾಶವನ್ನು ಕಲ್ಪಿಸಬೇಕಾಯಿತೆಂಬುದು ಈ ಪದ್ಧತಿಯ ದಾರ್ಢ್ಯಕ್ಕೆ ಸಾಕ್ಷಿ.

ಜೋಖಮಿ ಹುಂಡಿಯನ್ನು ಕೊಳ್ಳುವ ಸರಾಫನು ಸಹಜವಾಗಿಯೇ ಹೆಚ್ಚಿನ ವಟ್ಟವನ್ನು ಹಿಡಿಯುತ್ತಿದ್ದನು. ಋತು ಯಾವುದು, ಹಡಗು ಯಾರದು, ಸರಕು ಎಂತಹದು, ಬರೆದವನ ಮಾತು ಎಷ್ಟು ನಂಬಿಕೆಯದು ಎಂಬುದನ್ನೆಲ್ಲ ತೂಗಿ ನೋಡಿ ಗೊತ್ತುಮಾಡಿದ ಆ ವಟ್ಟದಲ್ಲಿ ಬಡ್ಡಿಯೂ ವಿಮೆಯೂ ಒಂದಾಗಿ ಸೇರಿದ್ದುವು. ಅದನ್ನು ಸುಲಿಗೆಯೆಂದು ಕರೆಯಲು ನನ್ನ ಮನಸ್ಸೊಪ್ಪುವುದಿಲ್ಲ; ಏಕೆಂದರೆ ಹೆಚ್ಚು ಪಡೆದವನು ಹೆಚ್ಚು ಹೊಣೆಯನ್ನೂ ಹೊತ್ತಿದ್ದನು.

ನೆಲದ ಮೇಲೆ ದೂರದ ವ್ಯಾಪಾರವು ಸಾಮಾನ್ಯ ಗೃಹಸ್ಥನ ಮನೆ ಬಾಗಿಲಿಗೆ ಬಂದದ್ದು ಅಂಚೆಯ ಮೂಲಕ. 1877ರಲ್ಲಿ ವ್ಯಾಲ್ಯು ಪೇಯಬಲ್ ಪದ್ಧತಿಯೂ 1880ರಲ್ಲಿ ಅಂಚೆಯ ಮನಿಯಾರ್ಡರೂ ಭಾರತದಲ್ಲಿ ಪ್ರಾರಂಭವಾದುವು. ಕಂಡರಿಯದ ಊರಿನ ಕಂಡರಿಯದ ಅಂಗಡಿಯಿಂದ ಗಡಿಯಾರವನ್ನೋ ಔಷಧವನ್ನೋ ಪುಸ್ತಕವನ್ನೋ ತರಿಸುವವನು, ಅಂಚೆಯವನು ತಂದ ಕಟ್ಟನ್ನು ಕೈಗೆ ತೆಗೆದುಕೊಳ್ಳುವಾಗ ಹಣವನ್ನು ತೆತ್ತರೆ ಸಾಕು. ಅಂಚೆಯ ಇಲಾಖೆ ಅದನ್ನು ಮಾರಿದವನಿಗೆ ಮುಟ್ಟಿಸುತ್ತಿತ್ತು. ಕನ್ನಡದ ಪುಸ್ತಕಗಳೂ ಪತ್ರಿಕೆಗಳೂ ಪುಸ್ತಕದಂಗಡಿಯಿಲ್ಲದ ಹಳ್ಳಿಗಳನ್ನು ವಿ.ಪಿ.ಯ ಮಾರ್ಗದಿಂದಲೇ ಸೇರಿದುವೆಂಬುದನ್ನು ಹಿರಿಯ ಓದುಗರು ಬಲ್ಲರು. ಆದರೆ ಈ ಏರ್ಪಾಟಿನಲ್ಲಿ ಮೋಸಕ್ಕೆ ಎರಡೂ ಕಡೆ ಎಡೆಯಿತ್ತು. ತರಿಸಿದವನು ಕಟ್ಟನ್ನು ನಿರಾಕರಿಸಿದರೆ ಅಂಚೆಯ ವೆಚ್ಚವು ಮಾರಿದವನ ತಲೆಯ ಮೇಲೆ. ಕಟ್ಟಿನೊಳಗೆ ಕಸವಿದ್ದರೆ ಹಣವು ಹೋದಂತೆ. 1898ರ ಅಂಚೆ ಕಾಯಿದೆ ಇದನ್ನು ಮನಗಂಡಿತ್ತು. ನಿಜವಾದ ಬೇಡಿಕೆ ಬಂದ ಮೇಲೆಯೇ ಈ ಕಟ್ಟನ್ನು ಕಳುಹುತ್ತಿದ್ದೇನೆಂದು ಮಾರುವವನಿಂದ ಹೇಳಿಕೆ ಪಡೆಯುವುದಕ್ಕೂ, ವಂಚನೆ ಕಂಡುಬಂದಲ್ಲಿ ಸಂಗ್ರಹಿಸಿದ ಹಣವನ್ನು ತಡೆಹಿಡಿದು ಗ್ರಾಹಕನಿಗೆ ಹಿಂದಿರುಗಿಸುವುದಕ್ಕೂ ನಿಯಮಗಳನ್ನು ಮಾಡುವ ಅಧಿಕಾರವನ್ನು ಅದರ 35ನೆಯ ಕಲಮು ಕೊಟ್ಟಿತು. ನಡುವೆ ನಿಂತ ಇಲಾಖೆ ನಷ್ಟವನ್ನು ತಾನು ಹೊರಲಿಲ್ಲ. ಆದರೆ ಹಣವನ್ನು ಯಾವ ಕಾರಣಕ್ಕೆ ತಡೆಯಬಹುದೆಂಬುದು ಎಲ್ಲರೂ ಓದಬಹುದಾದ ಕಾನೂನಿನಲ್ಲಿ ಅಚ್ಚಾಗಿತ್ತು.

ಇದೇ ಮರುಪಾವತಿಯ ಹಕ್ಕು ಅಮೆರಿಕೆಯಲ್ಲಿ ಬೇರೊಂದು ರೂಪದಿಂದ ಬೆಳೆಯಿತು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕವು ಕ್ಯಾಲಿಫೋರ್ನಿಯದ ಫ್ರೆಸ್ನೊ ನಗರದಲ್ಲಿ, ಕೇಳದವರಿಗೂ ಸುಮಾರು 60,000 ಕ್ರೆಡಿಟ್ ಕಾರ್ಡುಗಳನ್ನು ಅಂಚೆಯಲ್ಲಿ ಕಳುಹಿ ಉದ್ದರಿ ವ್ಯಾಪಾರಕ್ಕೆ ಹೊಸ ಬಾಗಿಲನ್ನು ತೆರೆಯಿತು. 1974ರ ಕಾನೂನೊಂದು, ಬಿಲ್ಲಿನಲ್ಲಿ ತಪ್ಪು ಲೆಕ್ಕ ಬಂದರೆ, ಒಪ್ಪಿದಂತೆ ಸರಕು ಬಾರದಿದ್ದರೆ, ಅದನ್ನು ಪ್ರಶ್ನಿಸುವ ಅಧಿಕಾರವನ್ನು ಕಾರ್ಡುದಾರನಿಗೆ ಕೊಟ್ಟಿತು. ವ್ಯಾಪಾರಿಗಳು ಇಂದು ಚಾರ್ಜ್‌ಬ್ಯಾಕ್ ಎಂದು ಹೆಸರಿಸಿ ಅಂಜುವುದು ಈ ಬಗೆಯ ಮರುಪಾವತಿಗೆ. ಗ್ರಾಹಕನಿಗೆ ಹಿಂದಿರುಗಿಸಿದ ಹಣವನ್ನು ವ್ಯಾಪಾರಿಯಿಂದ ವಸೂಲು ಮಾಡಲಾಗುತ್ತದೆ. ವ್ಯಾಪಾರಿ ದಿವಾಳಿಯೆದ್ದಿದ್ದರೆ ಅವನ ಪರವಾಗಿ ಕಾರ್ಡಿನ ಹಣವನ್ನು ಪಡೆದ ಬ್ಯಾಂಕು ತೆರಬೇಕಾಗುತ್ತದೆ. ಜೂಜು, ವಯಸ್ಕರ ಚಿತ್ರಗಳು, ಔಷಧಗಳು ಮಾತ್ರವಲ್ಲದೆ ಸಭ್ಯವಾದ ಪ್ರವಾಸದ ಟಿಕೆಟ್ ವ್ಯಾಪಾರವೂ ಅಪಾಯದ ಪಟ್ಟಿಯನ್ನು ಸೇರುವುದಕ್ಕೆ ಕಾರಣವಿದೇ. ತಿಂಗಳುಗಟ್ಟಲೆ ಮುಂಚಿತವಾಗಿ ಹಣ ಪಡೆದ ಸಂಸ್ಥೆ ಮುಳುಗಿದರೆ ಪ್ರಯಾಣಿಕರೆಲ್ಲರೂ ಏಕಕಾಲಕ್ಕೆ ಹಣವನ್ನು ಹಿಂದಕ್ಕೆ ಕೇಳುತ್ತಾರೆ. ಆದುದರಿಂದ ಇಂತಹ ವ್ಯಾಪಾರಿಯ ವಹಿವಾಟಿನಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟನ್ನು ಸುಮಾರು ಆರು ತಿಂಗಳು ಠೇವಣಿಯಾಗಿ ಹಿಡಿದಿಡುವ ರೂಢಿ ಬೆಳೆಯಿತು. ಹೆಚ್ಚಿನ ಕಡಿತವನ್ನೂ ಪಡೆದು, ನಷ್ಟವನ್ನೂ ಮೊದಲು ವ್ಯಾಪಾರಿಯ ಮೇಲೆಯೇ ಹೊರಿಸುವ ಈ ಪದ್ಧತಿ ಸರಾಫನ ನ್ಯಾಯದಿಂದ ಬಲುದೂರ ಸರಿದಿದೆಯೆಂದು ಹೇಳದೆ ನಿರ್ವಾಹವಿಲ್ಲ.

ಅಂತರ್ಜಾಲದ ಯುಗದಲ್ಲಿ ಇನ್ನೊಂದು ಅಪಾಯವು ಸೇರಿತು: ಹಣ ಸಾಗಿಸುವವನೇ ಮನಸ್ಸು ಬದಲಿಸುವುದು, ಅಥವಾ ಅವನೇ ಕುಸಿಯುವುದು. 2002ರಲ್ಲಿ ಹಣ ಸಾಗಿಸುವ ಪೇಪಾಲ್ ಸಂಸ್ಥೆಯನ್ನು ಅಂತರ್ಜಾಲದ ಮಾರಾಟತಾಣವಾದ ಇಬೇ ಕೊಂಡಾಗ ಜೂಜಿನ ತಾಣಗಳ ಹಣವನ್ನು ಸಾಗಿಸುವುದನ್ನು ನಿಲ್ಲಿಸಲಾಯಿತು. ಅದನ್ನೇ ನೆಚ್ಚಿದ್ದ ವ್ಯಾಪಾರಿಗಳು ಬೇರೆಡೆ ಆಶ್ರಯವನ್ನು ಹುಡುಕಬೇಕಾಯಿತು. ಇಂತಹವರ ವ್ಯವಹಾರದಿಂದಲೇ ಆರಂಭದಲ್ಲಿ ಬೆಳೆದ ಜರ್ಮನಿಯ ವೈರ್‌ಕಾರ್ಡ್ ಸಂಸ್ಥೆ, ತನ್ನ ಲೆಕ್ಕದಲ್ಲಿ ತೋರಿಸಿದ್ದ 190 ಕೋಟಿ ಯೂರೋಗಳು ಇಲ್ಲವೇ ಇಲ್ಲವೆಂಬುದು ಪ್ರಕಟವಾಗಿ, 2020ರ ಜೂನ್ ತಿಂಗಳಲ್ಲಿ ದಿವಾಳಿಯಾಯಿತು. ಬ್ರಿಟನ್ನಿನಲ್ಲಿ ಅದರ ಅಂಗಸಂಸ್ಥೆಯ ಕಾರ್ಡುಗಳನ್ನು ನೆಚ್ಚಿದ್ದ ಜನರ ಹಣವು ಕೆಲವು ದಿನ ಸ್ತಂಭಿಸಿಹೋಯಿತು. ಲೆಕ್ಕಪರಿಶೋಧಕರ ಸಹಿಯೂ ಷೇರುಪೇಟೆಯ ಪ್ರತಿಷ್ಠೆಯೂ ಶಾಹುವಿನ ಪ್ರತಿಷ್ಠೆಗೆ ಸಮಾನವಲ್ಲವೆಂಬುದು ಆಗ ಅನೇಕರಿಗೆ ಮನದಟ್ಟಾಯಿತು.

ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕು ಈ ವಿಷಯದಲ್ಲಿ ಎಚ್ಚರವನ್ನು ತೋರಿದೆ. 2009ರಲ್ಲಿ ಅದು ಮಧ್ಯವರ್ತಿಗಳ ಕೈಯಲ್ಲಿರುವ ವ್ಯಾಪಾರಿಗಳ ಹಣಕ್ಕೆ ಪ್ರತ್ಯೇಕ ಖಾತೆಯನ್ನು ವಿಧಿಸಿತು. 2020ರ ಮಾರ್ಚ್ ತಿಂಗಳಲ್ಲಿ ಬಂದ ನಿಯಮಗಳು, ಗ್ರಾಹಕರ ಹಣವನ್ನು ಪಡೆದು ವ್ಯಾಪಾರಿಗಳಿಗೆ ತಲಪಿಸುವ ಬ್ಯಾಂಕೇತರ ಪೇಮೆಂಟ್ ಅಗ್ರಿಗೇಟರುಗಳಿಗೆ ಅನುಮತಿಪತ್ರವನ್ನೂ, ಪರವಾನಗಿ ಕೇಳುವಾಗ 15 ಕೋಟಿ ರೂಪಾಯಿಗಳ ಸ್ವಂತ ಸಂಪತ್ತನ್ನೂ, ವ್ಯಾಪಾರಿಗಳ ಹಣವನ್ನು ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಬೇರೆಯಾಗಿಡುವ ಕರ್ತವ್ಯವನ್ನೂ ಕಡ್ಡಾಯಗೊಳಿಸಿದುವು. ಬೆಂಗಳೂರನ್ನು ನೆಲೆಯಾಗಿಸಿಕೊಂಡಿರುವ ಪೇಮೆಂಟ್ ಸಂಸ್ಥೆಗಳೂ ಈ ಕಟ್ಟಳೆಗೆ ಒಳಪಟ್ಟುವು.

ಆದರೂ ಎಸ್ಕ್ರೋ ಖಾತೆ ಹಣವನ್ನು ಕಾಯಬಲ್ಲುದಲ್ಲದೆ ಕರಾರಿನ ಅನ್ಯಾಯವನ್ನು ತಡೆಯಲಾರದು. ಅಪಾಯದ ಸರಕನ್ನು ಮಾರುವವನು ತನ್ನ ವ್ಯಾಪಾರ ಯಾವುದೆಂಬುದನ್ನು ಮರೆಮಾಚದೆ ಮೊದಲೇ ಹೇಳಿ, ಅದನ್ನು ಅರಿತೂ ಒಪ್ಪುವವನನ್ನೇ ಆರಿಸಬೇಕು. ಠೇವಣಿ ಎಷ್ಟು, ಎಷ್ಟು ದಿನ, ಖಾತೆಯನ್ನು ಮುಚ್ಚಿದ ಮೇಲೆ ಉಳಿದ ಹಣ ಎಂದು ಕೈಸೇರುವುದು, ಯಾವ ಕಾರಣಕ್ಕೆ ತಡೆಯಲಾಗುವುದು ಎಂಬುದನ್ನು ಲಿಖಿತವಾಗಿ ಪಡೆಯಬೇಕು. 1898ರಲ್ಲಿ ಅಂಚೆಯ ಕಾಯಿದೆ ವಿ.ಪಿ. ಕಟ್ಟಿನ ಬಗೆಗೆ ಹೇಳಿದಷ್ಟನ್ನಾದರೂ ಸ್ಪಷ್ಟವಾಗಿ ಬರೆದುಕೊಡಲೊಲ್ಲದ ಕಂಪನಿಯ ಕೈಗೆ, ಅದರ ದರ ಎಷ್ಟೇ ಕಡಿಮೆಯಿರಲಿ, ವ್ಯಾಪಾರಿ ತನ್ನ ಹಣವನ್ನು ಒಪ್ಪಿಸಕೂಡದು.